ಹಬ್ಬದ ಉಡುಗೊರೆ: ಹೊರೆಯೋ, ಆನಂದವೋ?

(ಆಗಮನ ಕಾಲದ ಮೂರನೆಯ ಭಾನುವಾರ, ‘ಆನಂದದ ಭಾನುವಾರ’ದ ಪ್ರಬೋಧನೆ)



ಎರಡು ವಾರಗಳಿಂದ ನೇರಳೆ ಬಣ್ಣದ ಪೂಜಾವಸ್ತ್ರವನ್ನು ನೋಡುತ್ತಿದ್ದ ನಮ್ಮ ಕಣ್ಣಿಗೆ ಇಂದು ಗುಲಾಬಿ ಬಣ್ಣ ಬಿದ್ದಿದೆ. ಪೀಠದ ಪಕ್ಕದಲ್ಲಿ ಮೂರನೆಯ ಮೇಣದಬತ್ತಿ ಉರಿಯುತ್ತಿದೆ, ಅದೂ ಗುಲಾಬಿಯೇ. ಲತೀನ್ ಭಾಷೆಯಲ್ಲಿ ಈ ಭಾನುವಾರಕ್ಕೆ ‘ಗೌದೇತೆ’ ಎಂದು ಹೆಸರು. ಆನಂದಿಸಿರಿ ಎಂದು ಅದರ ಅರ್ಥ. ಸಂತ ಪೌಲನು ಫಿಲಿಪ್ಪಿಯ ಕ್ರೈಸ್ತರಿಗೆ ಬರೆದ ಪತ್ರದಿಂದ ತೆಗೆದ ಮಾತು ಇಂದಿನ ಬಲಿಪೂಜೆಯ ಪ್ರವೇಶ ಶ್ಲೋಕವಾಗಿದೆ. ಪ್ರಭು ಹತ್ತಿರದಲ್ಲಿದ್ದಾರೆ, ಆದ್ದರಿಂದ ಆನಂದವಾಗಿರಿ, ಯಾವುದಕ್ಕೂ ಚಿಂತಿಸಬೇಡಿ ಎನ್ನುವುದು ಆ ವಾಕ್ಯಗಳ ಸಾರ (ಫಿಲಿಪ್ಪಿ 4:4-7).

ಆದರೆ ಒಂದು ಕ್ಷಣ ನಮ್ಮ ಮುಖಗಳನ್ನು ನಾವೇ ನೋಡಿಕೊಳ್ಳೋಣ. ಆನಂದದ ಭಾನುವಾರದಂದು ನಮ್ಮಲ್ಲಿ ಎಷ್ಟು ಮಂದಿ ಆನಂದವಾಗಿದ್ದೇವೆ? ಪೂಜೆ ಮುಗಿದ ಮೇಲೆ ಎಲ್ಲಿಗೆ ಹೋಗಬೇಕು, ಏನೇನು ಕೊಳ್ಳಬೇಕು, ದುಡ್ಡು ಎಷ್ಟಿದೆ, ಯಾರಿಗೆ ಎಷ್ಟರಲ್ಲಿ ಮುಗಿಸಬೇಕು ಎನ್ನುವ ಲೆಕ್ಕ ಈಗಾಗಲೇ ತಲೆಯೊಳಗೆ ಓಡುತ್ತಿದೆ. ಮಕ್ಕಳಿಗೆ ಹೊಸ ಬಟ್ಟೆ, ಅತ್ತೆ ಮಾವನಿಗೆ ಸೀರೆ ಪಂಚೆ, ಊರಿನಲ್ಲಿರುವ ತಂಗಿಯ ಮಗುವಿಗೆ ಆಟಿಕೆ, ಆಫೀಸಿನಲ್ಲಿ ಹಂಚಲು ಕೇಕು, ಕಜ್ಜಾಯಕ್ಕೆ ಅಕ್ಕಿ ಬೆಲ್ಲ, ಮನೆಯ ಮುಂದೆ ತೂಗುಹಾಕಲು ನಕ್ಷತ್ರ. ಊರಿಗೆ ಹೋಗುವವರಿಗಂತೂ ಹಬ್ಬದ ಮುಂದಿನ ದಿನಗಳಲ್ಲಿ ಏರುವ ಖಾಸಗಿ ಬಸ್ಸಿನ ಟಿಕೆಟ್ಟು ಬೇರೆ. ಬೆತ್ಲೆಹೇಮಿನ ಕಂದ ಬರುವ ಮೊದಲೇ ನಾವು ದಣಿದು ಹೋಗಿರುತ್ತೇವೆ.

ನಮ್ಮದು ಬೆಂಗಳೂರಿನ ಅಂಚಿನಲ್ಲಿ ದುಡಿಯುವ ಜನರ ಬದುಕು. ಪೀಣ್ಯದ ಕಾರ್ಖಾನೆಗಳಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುವವರು, ಗಾರ್ಮೆಂಟ್ಸ್‌ನಲ್ಲಿ ದಿನವಿಡೀ ಹೊಲಿಯುವ ತಾಯಂದಿರು, ಬೊಮ್ಮಸಂದ್ರದ ಕಂಪನಿಗಳಲ್ಲಿ ಶಿಫ್ಟ್ ಮಾಡುವವರು, ಎಲೆಕ್ಟ್ರಾನಿಕ್ ಸಿಟಿಯಲ್ಲೂ ವೈಟ್‌ಫೀಲ್ಡಿನಲ್ಲೂ ಕಂಪ್ಯೂಟರ್ ಮುಂದೆ ಕುಳಿತವರು, ಅದೇ ಕಟ್ಟಡಗಳ ಬಾಗಿಲಲ್ಲಿ ಸೆಕ್ಯೂರಿಟಿ ಕೆಲಸಕ್ಕೆ ನಿಂತವರು, ಅಪಾರ್ಟ್‌ಮೆಂಟುಗಳಲ್ಲಿ ಮನೆಗೆಲಸ ಮಾಡುವವರು. 1882ರಲ್ಲಿ ಆಂಗ್ಲೋ ಇಂಡಿಯನ್ ಕುಟುಂಬಗಳಿಗಾಗಿ ಹುಟ್ಟಿಕೊಂಡ ವೈಟ್‌ಫೀಲ್ಡ್ ಎಂಬ ಪುಟ್ಟ ಹಳ್ಳಿ ಈಗ ಗುರುತೇ ಸಿಗದಷ್ಟು ಬೆಳೆದಿದೆ. 2014ರಲ್ಲಿ ಪೀಣ್ಯಕ್ಕೆ, 2023ರಲ್ಲಿ ವೈಟ್‌ಫೀಲ್ಡಿಗೆ, 2025ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಮೆಟ್ರೋ ರೈಲು ಬಂದಿತು. ದಾಸರಹಳ್ಳಿಯಲ್ಲಿ ಹತ್ತಿದರೆ ನೇರವಾಗಿ ಚಿಕ್ಕಪೇಟೆಯಲ್ಲಿ ಇಳಿಯಬಹುದು. ದಾರಿ ಸುಲಭವಾಯಿತು, ಒತ್ತಡ ಮಾತ್ರ ಕಡಿಮೆಯಾಗಲಿಲ್ಲ. ಏಕೆಂದರೆ ಅಂಗಡಿಯೇ ಈಗ ನಮ್ಮ ಕೈಯಲ್ಲಿರುವ ಮೊಬೈಲಿನೊಳಗೆ ಬಂದು ಕುಳಿತಿದೆ. ಅದಕ್ಕೆ ಬಾಗಿಲು ಮುಚ್ಚುವ ಹೊತ್ತೆಂಬುದೇ ಇಲ್ಲ.

ಒಂದು ಮನೆಯ ಮಾತು

ಕೆಲವು ವರ್ಷಗಳ ಹಿಂದೆ ಆಗಮನ ಕಾಲದಲ್ಲಿ ಮನೆ ಭೇಟಿಗೆ ಹೋಗಿದ್ದಾಗ ನಡೆದ ಸಂಗತಿ. ಅದು ಕಾರ್ಖಾನೆಗಳ ನಡುವಿನ ಒಂದು ಬಾಡಿಗೆ ಮನೆ. ಯಜಮಾನರು ಯಂತ್ರ ನಡೆಸುವ ಕೆಲಸದಲ್ಲಿದ್ದಾರೆ, ತಾಯಿ ಗಾರ್ಮೆಂಟ್ಸ್‌ಗೆ ಹೋಗುತ್ತಾರೆ, ಇಬ್ಬರು ಮಕ್ಕಳು. ಪ್ರಾರ್ಥನೆ ಮುಗಿಸಿ, ತೀರ್ಥ ಪ್ರೋಕ್ಷಿಸಿ, ಮಕ್ಕಳನ್ನು ಮಾತನಾಡಿಸುತ್ತಾ ‘ಹಬ್ಬ ಬಂತಲ್ಲ, ಖುಷಿಯಾ?’ ಎಂದು ಕೇಳಿದೆವು. ಎಂಟೊಂಬತ್ತು ವರ್ಷದ ಚಿಕ್ಕ ಹುಡುಗಿ ಹೇಳಿದಳು: ‘ಇಲ್ಲ ಸ್ವಾಮಿ, ಹಬ್ಬ ಬಂದ್ರೆ ನಮ್ಮನೇಲಿ ಅಪ್ಪ ಅಮ್ಮ ಜಗಳ ಆಡ್ತಾರೆ.’

ಮನೆಯಲ್ಲಿ ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ತಂದೆ ತಲೆ ತಗ್ಗಿಸಿದರು. ತಾಯಿ ಒಳಗೆ ಹೋಗಿ ಕಾಫಿ ತಂದರು. ಆಮೇಲೆ ನಿಧಾನವಾಗಿ ವಿಷಯ ಹೊರಗೆ ಬಂತು. ನಮ್ಮ ಕಾರ್ಖಾನೆಗಳಲ್ಲಿ ಬೋನಸ್ ಕೊಡುವುದು ಸಾಮಾನ್ಯವಾಗಿ ಆಯುಧ ಪೂಜೆ ಅಥವಾ ದೀಪಾವಳಿಯ ಹೊತ್ತಿಗೆ. ಕಾನೂನಿನ ಪ್ರಕಾರ ಬೋನಸ್ಸಿನ ಕನಿಷ್ಠ ದರ ಶೇಕಡ 8.33, ಅಂದರೆ ಲೆಕ್ಕಕ್ಕೆ ಹಿಡಿದ ವರ್ಷದ ಸಂಬಳದಲ್ಲಿ ಹನ್ನೆರಡರ ಒಂದು ಪಾಲು. ಕ್ರೈಸ್ತ ಕಾರ್ಮಿಕನ ಹಬ್ಬ ಬರುವುದು ಡಿಸೆಂಬರಿನಲ್ಲಿ. ಅಷ್ಟರಲ್ಲಿ ಆ ಹಣ ಶಾಲೆಯ ಫೀಸಿಗೋ ಹಳೆಯ ಸಾಲಕ್ಕೋ ಕರಗಿಹೋಗಿರುತ್ತದೆ. ಆ ಮನೆಯಲ್ಲೂ ಹಾಗೆಯೇ ಆಗಿತ್ತು. ಹಿಂದಿನ ವರ್ಷ ಮಕ್ಕಳ ಬಟ್ಟೆಗೆ, ನೆಂಟರ ಉಡುಗೊರೆಗೆ ಎಂದು ತಾಯಿಯ ಸರವನ್ನು ಗಿರವಿ ಇಟ್ಟಿದ್ದರು. ಒಂದು ವರ್ಷ ಕಳೆದರೂ ಸರ ಮನೆಗೆ ಬಂದಿರಲಿಲ್ಲ. ಈ ವರ್ಷ ಮತ್ತೆ ಯಾವುದನ್ನು ಇಡುವುದು ಎಂಬುದೇ ಜಗಳ.

ತಂದೆ ಹೇಳಿದ ಒಂದು ಮಾತು ಇಂದಿಗೂ ನಮ್ಮ ಮನಸ್ಸಿನಲ್ಲಿದೆ. ‘ಸ್ವಾಮಿ, ಮಕ್ಕಳು ಹಳೇ ಬಟ್ಟೆ ಹಾಕ್ಕೊಂಡು ನಡುರಾತ್ರಿ ಪೂಜೆಗೆ ಬಂದ್ರೆ ಜನ ನನ್ನ ನೋಡ್ತಾರೆ. ಅದಕ್ಕೆ ಎರಡು ವರ್ಷ ಕೆಲಸ ಇದೆ ಅಂತ ಹೇಳಿ ಪೂಜೆಗೇ ಬರಲಿಲ್ಲ.’

ಪ್ರಿಯರೇ, ಕೊಟ್ಟಿಗೆಯಲ್ಲಿ ಹುಟ್ಟಿದ ದೇವರ ಹಬ್ಬಕ್ಕೆ ಬಟ್ಟೆಯಿಲ್ಲವೆಂಬ ಕಾರಣಕ್ಕೆ ಒಬ್ಬ ತಂದೆ ಬರಲಿಲ್ಲ. ಆತನನ್ನು ನೋಡುವ ‘ಜನ’ ಯಾರು? ನಾವೇ ಅಲ್ಲವೇ? ಈ ಪ್ರಶ್ನೆಯನ್ನು ಇಟ್ಟುಕೊಂಡೇ ಇಂದಿನ ದೇವರ ವಾಕ್ಯದ ಕಡೆಗೆ ತಿರುಗೋಣ.

ಸೆರೆಮನೆಯಿಂದ ಬಂದ ಕೃತಜ್ಞತೆಯ ಪತ್ರ

ಚಿಂತಿಸಬೇಡಿ ಎಂದು ಪೌಲನು ಬರೆದದ್ದು ಎಲ್ಲಿ ಕುಳಿತು? ಸೆರೆಯಲ್ಲಿ. ಮುಂದೆ ಬದುಕೋ ಸಾವೋ ತಿಳಿಯದ ಸ್ಥಿತಿಯಲ್ಲಿ. ಇದು ನಮಗೆ ಗೊತ್ತಿರುವ ಸಂಗತಿ. ಆದರೆ ಈ ಪತ್ರದ ಇನ್ನೊಂದು ಸಂಗತಿಯನ್ನು ನಾವು ಅಷ್ಟಾಗಿ ಗಮನಿಸುವುದಿಲ್ಲ. ಇದು ಒಂದು ಉಡುಗೊರೆ ತಲುಪಿದ ಮೇಲೆ ಬರೆದ ಕೃತಜ್ಞತೆಯ ಪತ್ರವೂ ಹೌದು. ಫಿಲಿಪ್ಪಿಯ ಪುಟ್ಟ ಕ್ರೈಸ್ತ ಸಭೆ ಸೆರೆಯಲ್ಲಿದ್ದ ಪೌಲನಿಗೆ ಎಪಫ್ರೊದಿತ ಎಂಬಾತನ ಕೈಯಲ್ಲಿ ಕಾಣಿಕೆ ಕಳುಹಿಸಿತ್ತು. ಅದು ತಲುಪಿದೆ ಎಂದು ಪೌಲನು ನಾಲ್ಕನೆಯ ಅಧ್ಯಾಯದ ಕೊನೆಯಲ್ಲಿ ಬರೆಯುತ್ತಾನೆ. ಹಾಗಾದರೆ ಉಡುಗೊರೆಯ ವಿಷಯದಲ್ಲಿ ಆತನು ನಮಗೆ ಏನನ್ನು ಕಲಿಸುತ್ತಾನೆ?

ಮೊದಲನೆಯದಾಗಿ, ಆ ಕಾಣಿಕೆ ತಡವಾಗಿ ಬಂದಿತ್ತು. ಪೌಲನು ಅದನ್ನು ಮುಚ್ಚಿಡುವುದಿಲ್ಲ. ಬಹಳ ದಿನಗಳ ಮೇಲೆ ನಿಮ್ಮ ಕಾಳಜಿ ಮತ್ತೆ ಚಿಗುರಿತು ಎನ್ನುತ್ತಾನೆ. ಆದರೆ ಕೂಡಲೇ, ನಿಮಗೆ ಮನಸ್ಸಿತ್ತು, ಅವಕಾಶ ಮಾತ್ರ ಇರಲಿಲ್ಲ ಎಂದು ಸೇರಿಸುತ್ತಾನೆ (4:10). ಎಂಥ ದೊಡ್ಡ ಮನಸ್ಸು! ನಾವಾದರೆ ‘ಈ ಸಲ ನಾದಿನಿ ಏನೂ ಕಳಿಸಲಿಲ್ಲ, ನಾವೂ ಕಳಿಸುವುದು ಬೇಡ’ ಎನ್ನುತ್ತೇವೆ. ಕೊಡದವನಲ್ಲಿಯೂ ಕೊಡುವ ಮನಸ್ಸಿತ್ತು ಎಂದು ನಂಬುವುದು ಕ್ರೈಸ್ತ ಪ್ರೀತಿ. ಅದನ್ನು ನಂಬುವವರು ಪಕ್ಕದಲ್ಲಿದ್ದರೆ ಎಷ್ಟೋ ಸಂಸಾರಗಳ ಅರ್ಧ ಚಿಂತೆ ಇಳಿದುಹೋಗುತ್ತದೆ.

ಎರಡನೆಯದಾಗಿ, ಪೌಲನು ಕಾಣಿಕೆಗಿಂತ ಹೆಚ್ಚಾಗಿ ಅದನ್ನು ತಂದ ಮನುಷ್ಯನ ಬಗ್ಗೆ ಬರೆಯುತ್ತಾನೆ. ಕಾಣಿಕೆಯಲ್ಲಿ ಏನಿತ್ತು, ಎಷ್ಟಿತ್ತು ಎಂದು ಪತ್ರದಲ್ಲಿ ಒಂದು ಪಟ್ಟಿಯೂ ಇಲ್ಲ. ಆದರೆ ಎಪಫ್ರೊದಿತನು ಕಾಯಿಲೆ ಬಿದ್ದದ್ದು, ಸಾವಿನ ಅಂಚಿಗೆ ಹೋಗಿ ಬದುಕಿದ್ದು, ಊರಿನವರು ಗಾಬರಿಪಟ್ಟರಲ್ಲ ಎಂದು ಆತನು ನೊಂದುಕೊಂಡದ್ದು, ಇವೆಲ್ಲ ಎರಡನೆಯ ಅಧ್ಯಾಯದಲ್ಲಿ ವಿವರವಾಗಿ ಬರುತ್ತವೆ (2:25-30). ಸೆರೆಯಲ್ಲಿದ್ದವನಿಗೆ ಬಂದ ದೊಡ್ಡ ಉಡುಗೊರೆ ಎಪಫ್ರೊದಿತನೇ. ನಮ್ಮ ಊರಿನ ಮನೆಗಳಲ್ಲಿ ಕುಳಿತು ದಾರಿ ಕಾಯುವ ವಯಸ್ಸಾದ ತಂದೆತಾಯಿಗೆ ಬೇಕಾಗಿರುವುದೂ ಇದೇ. ಕೊರಿಯರ್‌ನಲ್ಲಿ ಬಂದ ಸ್ವೆಟರನ್ನು ಬೀರುವಿನಲ್ಲಿಟ್ಟು ಬಾಗಿಲ ಕಡೆ ನೋಡುವ ತಾಯಂದಿರನ್ನು ನಾವು ಬಲ್ಲೆವು.

ಮೂರನೆಯದಾಗಿ, ಹೆಚ್ಚಿದ್ದಾಗ ಹೇಗಿರಬೇಕು, ಕಡಿಮೆಯಿದ್ದಾಗ ಹೇಗಿರಬೇಕು ಎರಡನ್ನೂ ಕಲಿತಿದ್ದೇನೆ ಎಂದು ಪೌಲನು ಹೇಳುತ್ತಾನೆ (4:11-12). ‘ಕಲಿತಿದ್ದೇನೆ’ ಎಂಬ ಮಾತನ್ನು ಗಮನಿಸಬೇಕು. ತೃಪ್ತಿ ಹುಟ್ಟುತ್ತಲೇ ಬರುವುದಿಲ್ಲ, ಕಲಿಯಬೇಕು. ಮಕ್ಕಳಿಗೆ ಅದನ್ನು ಕಲಿಸುವವರು ಯಾರು? ಜಾಹೀರಾತು ಕಲಿಸುವುದಿಲ್ಲ, ಮಾಲ್ ಕಲಿಸುವುದಿಲ್ಲ. ಮನೆಯೇ ಕಲಿಸಬೇಕು.

ಎರಡು ಹಕ್ಕಿಗಳ ಕಾಣಿಕೆ

ಪವಿತ್ರ ಕುಟುಂಬವು ಕೊಟ್ಟ ಒಂದು ಕಾಣಿಕೆ ಶುಭಸಂದೇಶದಲ್ಲಿ ದಾಖಲಾಗಿದೆ. ಬಾಲಯೇಸುವನ್ನು ಜೆರುಸಲೇಮಿನ ದೇವಾಲಯಕ್ಕೆ ಕರೆದೊಯ್ದಾಗ ಮಾತೆ ಮರಿಯಮ್ಮನವರೂ ಸಂತ ಜೋಸೆಫರೂ ಕೊಡಬೇಕಾದ ಕಾಣಿಕೆಯೆಂದು ಲೂಕನು ಹೇಳುವುದು ಒಂದು ಜೊತೆ ಬೆಳವಕ್ಕಿ ಅಥವಾ ಎರಡು ಪಾರಿವಾಳದ ಮರಿ (ಲೂಕ 2:24). ಯಾಜಕಕಾಂಡವನ್ನು ತೆರೆದು ನೋಡಿದರೆ ಅದರ ಅರ್ಥ ತಿಳಿಯುತ್ತದೆ. ಮಗು ಹುಟ್ಟಿದ ಮೇಲೆ ತಾಯಿ ಒಂದು ಕುರಿಮರಿಯನ್ನೂ ಒಂದು ಹಕ್ಕಿಯನ್ನೂ ತರಬೇಕು. ಕುರಿಮರಿ ತರಲು ಶಕ್ತಿಯಿಲ್ಲದವಳು ಎರಡು ಹಕ್ಕಿಗಳನ್ನು ತಂದರೆ ಸಾಕು (ಯಾಜಕಕಾಂಡ 12:6-8).

ಅಂದರೆ ದೇವಾಲಯದ ಬಾಗಿಲಲ್ಲಿ, ಎಲ್ಲರ ಕಣ್ಣೆದುರಿಗೆ, ಜೋಸೆಫರು ಬಡವರ ಕಾಣಿಕೆಯನ್ನು ಹಿಡಿದು ನಿಂತರು. ಅಕ್ಕಪಕ್ಕದಲ್ಲಿ ಕುರಿಮರಿ ತಂದವರೂ ಇದ್ದಿರಬಹುದು. ಅವರು ಸಾಲ ಮಾಡಿ ಕುರಿಮರಿ ತರಲಿಲ್ಲ. ನಾಚಿಕೆಯೆಂದು ಮನೆಯಲ್ಲಿ ಉಳಿಯಲೂ ಇಲ್ಲ. ದೇವರ ಮಗನನ್ನೇ ಎತ್ತಿಕೊಂಡಿದ್ದ ಆ ತಂದೆತಾಯಿಗೆ ಹಕ್ಕಿಗಳು ಸಾಕಾದವು. ಸಿಮೆಯೋನನಾಗಲಿ ಅನ್ನಳಾಗಲಿ ಅವರ ಕೈಯಲ್ಲಿ ಏನಿದೆ ಎಂದು ನೋಡಲಿಲ್ಲ, ಮಗುವನ್ನು ನೋಡಿದರು. ಆ ಕಾರ್ಖಾನೆಯ ಸಹೋದರನಿಗೆ ಅಂದು ನಾವು ಹೇಳಿದ್ದು ಈ ಒಂದೇ ಮಾತು: ನೀವು ಬನ್ನಿ, ಜೋಸೆಫರ ಪಕ್ಕದಲ್ಲಿ ನಿಮಗೆ ಜಾಗವಿದೆ.

ನಮ್ಮ ತಪ್ಪೂ ಇದೆ

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕಂಪನಿಗಳಲ್ಲಿ ಡಿಸೆಂಬರ್ ತಿಂಗಳಿನಲ್ಲಿ ‘ಸೀಕ್ರೆಟ್ ಸಾಂತಾ’ ಎಂಬ ಆಟ ಆಡುತ್ತಾರೆ. ಚೀಟಿ ಎತ್ತುವುದು, ಯಾರ ಹೆಸರು ಬಂತೋ ಅವರಿಗೆ ಗುಟ್ಟಾಗಿ ಉಡುಗೊರೆ ಕೊಡುವುದು. ನಮ್ಮ ಯುವಕ ಯುವತಿಯರು ಅದನ್ನು ಧರ್ಮಕೇಂದ್ರಕ್ಕೂ ತಂದರು. ಉಡುಗೊರೆ 500 ರೂಪಾಯಿಗೆ ಕಡಿಮೆ ಇರಬಾರದು ಎಂಬ ನಿಯಮ ಮಾಡಿದರು. ನಾವು ನಗುತ್ತಾ ಒಪ್ಪಿಗೆ ಕೊಟ್ಟೆವು. ತಂಡದಲ್ಲಿ ಸಾಫ್ಟ್‌ವೇರ್ ಕೆಲಸದವರು ಇದ್ದರು, ತಾಯಿ ಮನೆಗೆಲಸ ಮಾಡಿ ಓದಿಸುತ್ತಿದ್ದ ಮಕ್ಕಳೂ ಇದ್ದರು. ಇದು ನಮಗೆ ಹೊಳೆಯಲೇ ಇಲ್ಲ.

ಆ ವರ್ಷ ಗಾಯನ ತಂಡದ ಒಬ್ಬ ಹುಡುಗಿ ಹಬ್ಬದ ಮುಂಚಿನ ವಾರದಿಂದ ಬರುವುದನ್ನು ನಿಲ್ಲಿಸಿದಳು. ಜ್ವರ ಎಂದು ಹೇಳಿಕಳುಹಿಸಿದಳು. ಫೆಬ್ರವರಿಯಲ್ಲಿ ಅವರ ಮನೆಗೆ ಹೋದಾಗ ತಾಯಿ ಹೇಳಿದರು: ‘ಜ್ವರ ಏನೂ ಇರಲಿಲ್ಲ ಸ್ವಾಮಿ. 500 ರೂಪಾಯಿ ಕೇಳೋಕೆ ಅವಳಿಗೆ ಮನಸ್ಸು ಬರಲಿಲ್ಲ.’ ಬಾಲಯೇಸುವಿಗೆ ಹಾಡಬೇಕಾದ ಮಗುವನ್ನು ನಮ್ಮ ಒಂದು ನಿಯಮ ಹೊರಗೆ ನಿಲ್ಲಿಸಿತ್ತು. ಛತ್ರದಲ್ಲಿ ಸ್ಥಳವಿಲ್ಲ ಎಂದವನನ್ನು ನಾವು ಪ್ರತಿ ವರ್ಷ ನಾಟಕದಲ್ಲಿ ತೋರಿಸುತ್ತೇವೆ. ಆ ವರ್ಷ ಆ ಪಾತ್ರವನ್ನು ನಾವೇ ಮಾಡಿದ್ದೆವು.

ಅಂದಿನಿಂದ ಆ ಆಟದ ನಿಯಮ ಬದಲಾಗಿದೆ. ಕೊಂಡು ತಂದದ್ದನ್ನು ಕೊಡುವಂತಿಲ್ಲ. ಕೈಯಲ್ಲಿ ಬರೆದ ಪತ್ರ, ಮನೆಯಲ್ಲಿ ಮಾಡಿದ ತಿಂಡಿ, ಪರೀಕ್ಷೆಗೆ ಲೆಕ್ಕ ಹೇಳಿಕೊಡುತ್ತೇನೆ ಎಂಬ ಮಾತು, ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿಬರುತ್ತೇನೆ ಎಂಬ ಮಾತು, ಇಂಥವು ಮಾತ್ರ. ಆ ಹುಡುಗಿ ಪಾಸ್ಖ ಹಬ್ಬದ ಹೊತ್ತಿಗೆ ಮತ್ತೆ ಹಾಡಲು ಬಂದಳು. ಆಕೆಯನ್ನು ಕರೆತಂದದ್ದು ನಮ್ಮ ಬುದ್ಧಿಮಾತಲ್ಲ, ಭಾನುವಾರಗಳಂದು ಅವಳ ಮನೆಗೇ ಹೋಗಿ ಕುಳಿತ ಗೆಳತಿ.

ನಾವೇನು ಮಾಡಬೇಕು?

ಲೂಕನ ಶುಭಸಂದೇಶವನ್ನು ಓದುವ ವರ್ಷದಲ್ಲಿ ಈ ಆನಂದದ ಭಾನುವಾರದಂದು ಜನರು ಸ್ನಾನಿಕ ಯೊವಾನ್ನನ ಬಳಿಗೆ ಬಂದು ಕೇಳುವ ಪ್ರಶ್ನೆ ನಮ್ಮ ಕಿವಿಗೆ ಬೀಳುತ್ತದೆ: ಹಾಗಾದರೆ ನಾವೇನು ಮಾಡಬೇಕು? (ಲೂಕ 3:10-14). ಯೊವಾನ್ನನು ದೊಡ್ಡ ಉಪದೇಶ ಮಾಡುವುದಿಲ್ಲ. ಎರಡು ಅಂಗಿ ಇರುವವನು ಇಲ್ಲದವನಿಗೆ ಒಂದನ್ನು ಕೊಡಲಿ ಎನ್ನುತ್ತಾನೆ. ಸುಂಕದವರಿಗೆ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎನ್ನುತ್ತಾನೆ. ಸೈನಿಕರಿಗೆ, ಬರುವ ಸಂಬಳದಲ್ಲಿ ತೃಪ್ತರಾಗಿರಿ ಎನ್ನುತ್ತಾನೆ. ಅಂಗಿ, ಹಣ, ಸಂಬಳ: ಮೂರೂ ನಮ್ಮ ಹಬ್ಬದ ಖರೀದಿಯ ವಿಷಯಗಳೇ. ಆದ್ದರಿಂದ ನಾವೂ ಕೈಗೆ ಸಿಗುವಂಥ ಕೆಲವು ಮಾತುಗಳನ್ನು ಆಡೋಣ.

ಒಂದು, ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲಿ ಕುಳಿತುಕೊಳ್ಳೋಣ. ಈ ವಾರದ ಒಂದು ಸಂಜೆ, ಜಪಸರ ಮುಗಿದ ಮೇಲೆ, ಗಂಡ ಹೆಂಡತಿ ಮಕ್ಕಳು ಎಲ್ಲರೂ ಸೇರಿ ಒಂದು ಹಾಳೆ ತೆಗೆದುಕೊಳ್ಳೋಣ. ಹಾಳೆಯ ತಲೆಯಲ್ಲಿ ಈ ಹಬ್ಬಕ್ಕೆ ನಮ್ಮ ಕೈಯಲ್ಲಿರುವ ಹಣವೆಷ್ಟು ಎಂದು ಬರೆಯೋಣ. ಕೆಳಗೆ ಮೊದಲು ಹೆಸರುಗಳನ್ನು ಬರೆಯೋಣ, ವಸ್ತುಗಳನ್ನಲ್ಲ. ಆ ಹೆಸರುಗಳಲ್ಲಿ ನಮಗೆ ತಿರುಗಿ ಕೊಡಲಾರದ ಒಬ್ಬರ ಹೆಸರಾದರೂ ಇರಲಿ, ಏಕೆಂದರೆ ಔತಣಕ್ಕೆ ಅಂಥವರನ್ನೇ ಕರೆಯಿರಿ ಎಂದು ಪ್ರಭುವೇ ಕಲಿಸಿದ್ದಾರೆ (ಲೂಕ 14:12-14). ಮಕ್ಕಳಿಗೆ ಲೆಕ್ಕವನ್ನು ಮುಚ್ಚಿಡಬೇಡಿ. ‘ಈ ವರ್ಷ ಇಷ್ಟೇ ಇದೆ ಕಂದ, ಇದರಲ್ಲಿ ಎಲ್ಲರಿಗೂ ಹೇಗೆ ಮಾಡೋಣ?’ ಎಂದು ಕೇಳಿದರೆ ಎಂಟು ವರ್ಷದ ಮಗುವಿಗೂ ಅರ್ಥವಾಗುತ್ತದೆ. ಅರ್ಥವಾಗದೆ ಉಳಿಯುವುದು ಬಾಗಿಲು ಹಾಕಿಕೊಂಡು ಆಡುವ ಜಗಳ.

ಎರಡು, ಉಡುಗೊರೆಗಾಗಿ ಸಾಲ ಬೇಡ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಕೇಳಲು ಸಣ್ಣದು. ವರ್ಷಕ್ಕೆ ಶೇಕಡ 36 ಆಯಿತು. 10,000 ರೂಪಾಯಿ ತಂದರೆ ಮುಂದಿನ ಕ್ರಿಸ್ಮಸ್ ಹೊತ್ತಿಗೆ ಬಡ್ಡಿಯೇ 3,600 ರೂಪಾಯಿ, ಅಸಲು ಹಾಗೇ ಇರುತ್ತದೆ. ಕ್ರೆಡಿಟ್ ಕಾರ್ಡ್ ಇರುವವರು ನಾವು ಬುದ್ಧಿವಂತರು ಎಂದುಕೊಳ್ಳಬೇಕಾಗಿಲ್ಲ. ಕಟ್ಟದೆ ಉಳಿಸಿದ ಬಾಕಿಯ ಮೇಲೆ ಅನೇಕ ಕಾರ್ಡುಗಳು ಹಾಕುವ ಬಡ್ಡಿ ಇದಕ್ಕಿಂತ ಕಡಿಮೆಯೇನಲ್ಲ. ಕಂತಿನಲ್ಲಿ ಕೊಂಡ ಉಡುಗೊರೆ ಹಬ್ಬ ಮುಗಿದ ಮೇಲೂ ತಿಂಗಳು ತಿಂಗಳು ಬಾಗಿಲು ತಟ್ಟುತ್ತದೆ. ಮುಂದಿನ ವರ್ಷಕ್ಕೆ ದಾರಿಯೂ ಇದೆ. ಜನವರಿಯಿಂದ ತಿಂಗಳಿಗೆ 300 ರೂಪಾಯಿ ತೆಗೆದಿಟ್ಟರೆ ಡಿಸೆಂಬರಿಗೆ 3,600 ರೂಪಾಯಿ ನಮ್ಮದೇ ಕೈಯಲ್ಲಿರುತ್ತದೆ. ಬಡ್ಡಿಗೆ ಹೋಗುತ್ತಿದ್ದ ಹಣವೇ ಬಟ್ಟೆಯಾಗುತ್ತದೆ. ಬೋನಸ್ ಬಂದ ದಿನವೇ ಅದರಲ್ಲಿ ಸ್ವಲ್ಪವನ್ನು ಹಬ್ಬಕ್ಕೆಂದು ಬೇರೆ ಇಡುವುದೂ ಒಳ್ಳೆಯದು.

ಮೂರು, ಹೊತ್ತನ್ನು ಉಳಿಸಿಕೊಳ್ಳೋಣ. ಡಿಸೆಂಬರ್ 23, 24ರಂದು ಜನಜಂಗುಳಿಯಲ್ಲಿ ಮಗುವನ್ನು ಎಳೆದುಕೊಂಡು ಅಂಗಡಿ ಸುತ್ತಿದರೆ ಯಾರಿಗೆ ತಾನೇ ಸಿಟ್ಟು ಬಾರದು? ಪಟ್ಟಿಯನ್ನು ಹಿಡಿದು, ವಾರದ ನಡುವಿನ ಒಂದು ದಿನ, ಹೊಟ್ಟೆಗೆ ಊಟ ಮಾಡಿ, ಒಬ್ಬರೋ ಇಬ್ಬರೋ ಹೋಗಿ ಮುಗಿಸಿಬನ್ನಿ. ನಮ್ಮ ದೇವಾಲಯದಲ್ಲಿ ಪಾಪನಿವೇದನೆಗೆ ಗೊತ್ತುಮಾಡಿರುವ ದಿನದೊಳಗೆ ಕೊಳ್ಳುವುದೆಲ್ಲ ಮುಗಿಯಲಿ. ಉಳಿದ ದಿನಗಳು ಗೋದಲಿ ಕಟ್ಟಲು, ಕಜ್ಜಾಯ ಸುಡಲು, ನೆರೆಮನೆಯವರನ್ನು ಮಾತನಾಡಿಸಲು ಇರಲಿ. ಹಬ್ಬದ ಹಿಂದಿನ ರಾತ್ರಿ ತಾಯಿ ಅಡುಗೆಮನೆಯಲ್ಲಿ ನಿದ್ದೆಗೆಟ್ಟು, ತಂದೆ ಟ್ರಾಫಿಕ್‌ನಲ್ಲಿ ಸಿಕ್ಕಿಬಿದ್ದು, ಮಕ್ಕಳು ಟಿವಿ ಮುಂದೆ ಕುಳಿತರೆ ಆ ಮನೆಯಲ್ಲಿ ಬಾಲಯೇಸು ಎಲ್ಲಿ ಹುಟ್ಟಬೇಕು?

ನಾಲ್ಕು, ಎಲ್ಲವೂ 25ನೇ ತಾರೀಖಿಗೇ ಆಗಬೇಕು ಎಂಬ ಹಟ ಬೇಡ. ಧರ್ಮಸಭೆಯಲ್ಲಿ ಕ್ರಿಸ್ತಜಯಂತಿ ಒಂದು ದಿನದ ಹಬ್ಬವಲ್ಲ, ಒಂದು ಕಾಲ. ಅದು ಪ್ರಭುವಿನ ಸ್ನಾನದೀಕ್ಷೆಯ ಹಬ್ಬದವರೆಗೂ ನಡೆಯುತ್ತದೆ. ಪೂರ್ವದೇಶದ ಜ್ಞಾನಿಗಳು ಚಿನ್ನ, ಧೂಪ, ರಕ್ತಬೋಳ ತಂದದ್ದು ಮಗು ಹುಟ್ಟಿದ ರಾತ್ರಿಯಲ್ಲ, ಆಮೇಲೆ. ಮೂರು ರಾಯರ ಹಬ್ಬಕ್ಕೆ ಕೊಟ್ಟ ಉಡುಗೊರೆಯೂ ಕ್ರಿಸ್ಮಸ್ ಉಡುಗೊರೆಯೇ. ಜೊತೆಗೆ ಜ್ಞಾನಿಗಳು ಮಾಡಿದ ಕ್ರಮವನ್ನೂ ನೆನೆಯೋಣ. ಅವರು ಮೊದಲು ಮಗುವನ್ನು ಕಂಡರು, ಸಾಷ್ಟಾಂಗ ಬಿದ್ದು ಆರಾಧಿಸಿದರು, ಆಮೇಲೆ ಪೆಟ್ಟಿಗೆ ತೆರೆದರು (ಮತ್ತಾಯ 2:11). ನಾವು ಪೆಟ್ಟಿಗೆ ತೆರೆಯುವುದರಲ್ಲೇ ಸುಸ್ತಾಗಿ ಆರಾಧನೆಯನ್ನು ಮರೆಯುತ್ತೇವೆ.

ಐದು, ನಮ್ಮ ಒತ್ತಡವನ್ನು ಇನ್ನೊಬ್ಬರ ಬೆನ್ನಿಗೆ ಹೊರಿಸಬಾರದು. ಬಟ್ಟೆಯಂಗಡಿಯಲ್ಲಿ ಬೆಳಿಗ್ಗೆಯಿಂದ ನಿಂತೇ ಇರುವ ಹೆಣ್ಣುಮಗಳು ನಮ್ಮ ತಂಗಿಯ ವಯಸ್ಸಿನವಳು. ಅಂಗಡಿ ಕೆಲಸದವರಿಗೆ ಕೂರಲು ಆಸನ ಕೊಡಬೇಕೆಂದು ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಬೇಕಾಯಿತು ಎಂದರೆ ಆ ಕೆಲಸ ಎಷ್ಟು ಕಷ್ಟದ್ದೆಂದು ತಿಳಿಯುತ್ತದೆ. ಇಪ್ಪತ್ತು ಸೀರೆ ಬಿಚ್ಚಿಸಿ ಒಂದನ್ನೂ ಕೊಳ್ಳದೆ ಎದ್ದು ಬರುವಾಗ ಒಂದು ಒಳ್ಳೆಯ ಮಾತನ್ನಾದರೂ ಆಡಿ ಬರೋಣ. ಮೊಬೈಲ್ ಒತ್ತಿದ ಕೂಡಲೇ ಸ್ಕೂಟರಿನಲ್ಲಿ ಓಡಿಬರುವ ಹುಡುಗನಿಗೂ ಒಂದು ಮನೆಯಿದೆ. ನಮ್ಮ ರಾಜ್ಯ 2025ರಲ್ಲಿ ಇಂಥ ಕೆಲಸಗಾರರ ಸಾಮಾಜಿಕ ಭದ್ರತೆಗೆ ಕಾನೂನು ಮಾಡಿತು. ಕಾನೂನು ತನ್ನ ಕೆಲಸ ಮಾಡಲಿ. ಬಾಗಿಲಲ್ಲಿ ಒಂದು ಲೋಟ ನೀರು, ಒಂದು ಕಜ್ಜಾಯ ಕೊಡುವುದು ನಮ್ಮ ಕೆಲಸ. ಬೀದಿ ಗುಡಿಸುವ ಪೌರಕಾರ್ಮಿಕರು, ಅಪಾರ್ಟ್‌ಮೆಂಟಿನ ವಾಚ್‌ಮನ್, ಮನೆಗೆಲಸದ ಅಮ್ಮ, ಇವರ ಹೆಸರುಗಳೂ ನಮ್ಮ ಹಾಳೆಯಲ್ಲಿ ಇರಲಿ. ಯೊವಾನ್ನನು ಹೇಳಿದ ಎರಡನೆಯ ಅಂಗಿ ನಮ್ಮ ಬೀರುವಿನಲ್ಲಿ ಮಡಚಿ ಇಟ್ಟಿದ್ದರೆ ಅದನ್ನೂ ಒಗೆದು ಇಸ್ತ್ರಿ ಮಾಡಿ ತನ್ನಿ. ಹರಿದದ್ದನ್ನು, ಮಾಸಿದ್ದನ್ನು ತರಬೇಡಿ. ನಾವು ತೊಡಲಾರದ್ದನ್ನು ಇನ್ನೊಬ್ಬರಿಗೆ ಕೊಡುವುದು ದಾನವಲ್ಲ.

ಕಾಣದಂತೆ ಕೊಟ್ಟ ಸಂತ, ಹುಲ್ಲು ಹಾಸಿದ ಸಂತ

ಮಾಲ್‌ಗಳಲ್ಲಿ ಕೆಂಪು ಬಟ್ಟೆ ತೊಟ್ಟು ನಿಲ್ಲುವ ಸಾಂತಾನ ಹಿಂದೆ ಒಬ್ಬ ನಿಜವಾದ ಸಂತನಿದ್ದಾನೆ. ಡಿಸೆಂಬರ್ 6ರಂದು ನಾವು ನೆನೆಯುವ ಸಂತ ನಿಕೋಲಾಸ್, ನಾಲ್ಕನೆಯ ಶತಮಾನದಲ್ಲಿ ಇಂದಿನ ಟರ್ಕಿ ದೇಶದಲ್ಲಿರುವ ಮೈರಾ ಪಟ್ಟಣದ ಧರ್ಮಾಧ್ಯಕ್ಷನಾಗಿದ್ದವನು. ಮೂವರು ಹೆಣ್ಣುಮಕ್ಕಳಿಗೆ ಮದುವೆ ಮಾಡಲಾರದೆ ಸಂಕಟದಲ್ಲಿದ್ದ ಒಬ್ಬ ತಂದೆಯ ಮನೆಯೊಳಗೆ ಆತನು ರಾತ್ರಿಯ ಹೊತ್ತು, ಯಾರಿಗೂ ಕಾಣದಂತೆ, ಚಿನ್ನದ ಗಂಟನ್ನು ಹಾಕಿ ಹೋದನೆಂದು ಪರಂಪರೆ ಹೇಳುತ್ತದೆ. ಏಕೆ ಕಾಣದಂತೆ? ಪಡೆಯುವವನ ಮಾನ ಉಳಿಯಲಿ ಎಂದು. ನಮ್ಮ ಉಡುಗೊರೆಗಳು ಫೋಟೋ ತೆಗೆಸಿಕೊಳ್ಳುವ ಮುನ್ನ ಈ ಸಂತನನ್ನು ನೆನೆಯಬೇಕು.

ಇನ್ನೊಬ್ಬರು ಅಸ್ಸಿಸಿಯ ಸಂತ ಫ್ರಾನ್ಸಿಸರು. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೋ ಎಂಬ ಹಳ್ಳಿಯಲ್ಲಿ ಅವರು ಗೋದಲಿಯನ್ನು ಸಿದ್ಧಪಡಿಸಿದರು. ಅದಕ್ಕೆ ಬೇಕಾದದ್ದು ಒಂದು ಗೋದಲಿ, ಒಣಹುಲ್ಲು, ಒಂದು ಎತ್ತು, ಒಂದು ಕತ್ತೆ. ಗೋದಲಿಯ ಮೇಲೆಯೇ ಬಲಿಪೂಜೆ ನಡೆಯಿತು. ಆ ರಾತ್ರಿಗೆ 2023ರಲ್ಲಿ 800 ವರ್ಷ ತುಂಬಿತು. ಬಡ ಹಳ್ಳಿಯ ಜನ ಅಂದು ಮನೆಗೆ ಹಿಂತಿರುಗುವಾಗ ಸಂತೋಷದಿಂದ ತುಂಬಿದ್ದರಂತೆ. ಅವರ ಕೈಯಲ್ಲಿ ಯಾವ ಚೀಲವೂ ಇರಲಿಲ್ಲ.

ಪ್ರಿಯರೇ, ಉಡುಗೊರೆ ಕೊಡುವುದು ತಪ್ಪೆಂದು ನಾವು ಹೇಳುತ್ತಿಲ್ಲ. ದೇವರೇ ಮೊದಲು ಕೊಟ್ಟವರು, ತಮ್ಮ ಏಕೈಕ ಪುತ್ರನನ್ನೇ ಕೊಟ್ಟವರು. ಹೊಸ ಬಟ್ಟೆ ತೊಟ್ಟ ಮಗುವಿನ ನಗು ದೇವರಿಗೂ ಇಷ್ಟ. ಕೊಡುವುದು ಹೊರೆಯಾದಾಗ ಮಾತ್ರ ಎಲ್ಲೋ ದಾರಿ ತಪ್ಪಿದೆ ಎಂದು ತಿಳಿಯೋಣ.

ಆ ಚಿಕ್ಕ ಹುಡುಗಿಯ ಮನೆಯವರು ಆ ವರ್ಷ ನೆಂಟರಿಗೆಲ್ಲ ಫೋನು ಮಾಡಿ, ಈ ಸಲ ಉಡುಗೊರೆ ಇಲ್ಲ, ಊಟಕ್ಕೆ ಬನ್ನಿ ಎಂದು ಕರೆದರು. ಹೇಳಲು ತಂದೆಗೆ ಬಹಳ ಕಷ್ಟವಾಯಿತಂತೆ. ಫೋನಿನ ಆ ಕಡೆಯಿಂದ ಒಬ್ಬರು, ‘ಸದ್ಯ, ನಮಗೂ ಕೈ ಕಟ್ಟಿತ್ತು’ ಎಂದರಂತೆ. ತಾಯಿ ಉಳಿದ ಬಟ್ಟೆಯ ತುಂಡುಗಳನ್ನು ಕೊಂಡು ತಂದು ಇಬ್ಬರು ಮಕ್ಕಳಿಗೂ ತಾವೇ ಹೊಲಿದರು. ನಡುರಾತ್ರಿ ಪೂಜೆಯಲ್ಲಿ ನಾಲ್ವರೂ ಎರಡನೆಯ ಸಾಲಿನಲ್ಲಿ ಕುಳಿತಿದ್ದರು. ತಂದೆ ತೊಟ್ಟಿದ್ದು ಹಳೆಯ ಅಂಗಿಯೇ. ಬಾಲಯೇಸುವಿನ ಪಾದಕ್ಕೆ ಮುತ್ತಿಡಲು ಬಂದಾಗ ಮಗಳು ಅವರ ಕೈ ಹಿಡಿದುಕೊಂಡಿದ್ದಳು.

ಈ ವರ್ಷವೂ ನಮ್ಮ ನಡುವೆ ಅಂಥ ಒಬ್ಬ ತಂದೆ ಮನೆಯಲ್ಲೇ ಉಳಿಯುವ ಯೋಚನೆಯಲ್ಲಿರಬಹುದು. ನಿಮ್ಮ ಬೀದಿಯಲ್ಲಿ, ನಿಮ್ಮ ವಠಾರದಲ್ಲಿ, ನಿಮ್ಮ ಶಿಫ್ಟಿನಲ್ಲಿ ಆತನು ಯಾರೆಂದು ನಮಗಿಂತ ನಿಮಗೆ ಚೆನ್ನಾಗಿ ಗೊತ್ತು. ಆತನ ಮನೆಗೆ ಹೋಗಿ, ‘ಅಣ್ಣ, ಪೂಜೆಗೆ ಒಟ್ಟಿಗೆ ಹೋಗೋಣ ಬನ್ನಿ’ ಎಂದು ಕರೆಯಿರಿ. ಈ ಕ್ರಿಸ್ಮಸ್‌ಗೆ ನಮ್ಮ ಧರ್ಮಕೇಂದ್ರವು ಬಾಲಯೇಸುವಿಗೆ ಕೊಡಬಹುದಾದ ಉಡುಗೊರೆ ಅದು. ಅದಕ್ಕೆ ಅಂಗಡಿಗೆ ಹೋಗಬೇಕಾಗಿಲ್ಲ.

ಪ್ರಾರ್ಥಿಸೋಣ. ಸ್ವಾಮಿ ಯೇಸುವೇ, ಎರಡು ಹಕ್ಕಿಗಳ ಕಾಣಿಕೆಯೊಂದಿಗೆ ದೇವಾಲಯಕ್ಕೆ ಬಂದ ಕುಟುಂಬದ ಕಂದನು ನೀವು. ನಮ್ಮ ಕೈಯಲ್ಲಿ ಇರುವಷ್ಟರಲ್ಲಿ ಸಂತೋಷಪಡಲು ನಮಗೆ ಕಲಿಸಿರಿ. ಸಾಲದಲ್ಲಿ, ಚಿಂತೆಯಲ್ಲಿ, ನಾಚಿಕೆಯಲ್ಲಿ ಇರುವ ಮನೆಗಳ ಬಾಗಿಲಿಗೆ ಮೊದಲು ನೀವು ಬನ್ನಿ, ನಿಮ್ಮ ಹಿಂದೆ ಬರಲು ನಮಗೂ ಮನಸ್ಸು ಕೊಡಿ. ಮಾತೆ ಮರಿಯಮ್ಮನವರೇ, ಸಂತ ಜೋಸೆಫರೇ, ನಮ್ಮ ಕುಟುಂಬಗಳಿಗಾಗಿ ಪ್ರಾರ್ಥಿಸಿರಿ.

ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ. ಆಮೆನ್.